ಉಪ್ಪುಗಾಳಿಯ ಊರಿಗೆ ಐದು ವಾಟಿನ ವಾಲ್ವ್ ಆಂಪ್

ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಗಿಟಾರ್ ಹಿಡಿದವರು ಚರ್ಚಿನ ಗಾಯನ ತಂಡದಲ್ಲಿ, ಮದುವೆ ಮನೆಯ ಬ್ಯಾಂಡಿನಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಸಿಗುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ಕೊಂಡು ಸ್ವಲ್ಪ ಕಾಲವಾದ ಮೇಲೆ ಹಲವರಿಗೆ ವಾಲ್ವ್ ಆಂಪ್‌ನ ಆಸೆ ಹುಟ್ಟುತ್ತದೆ. ಹೊಸದರ ಬೆಲೆ ಕೇಳಿದೊಡನೆ ಅದು ತಣ್ಣಗಾಗುತ್ತದೆ. ಉಳಿದ ದಾರಿ ಸೆಕೆಂಡ್ ಹ್ಯಾಂಡ್. ಆದರೆ ಕಡಲ ಪಕ್ಕದ ಈ ಊರುಗಳಲ್ಲಿ ಅಂಥದ್ದನ್ನು ಕೊಳ್ಳುವವರು ಬ್ರ್ಯಾಂಡಿನ ಹೆಸರು ಓದುವ ಮುಂಚೆ ಎರಡು ಸಂಗತಿ ನೋಡಬೇಕು. ಒಂದು, ಹಿಂಬದಿಯ ತಗಡಿನ ಮೇಲೆ ಬರೆದ ವೋಲ್ಟೇಜು. ಇನ್ನೊಂದು, ಸ್ಕ್ರೂಗಳ ಮೇಲಿನ ತುಕ್ಕು.

ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೋಗಳನ್ನು ಹಾಡಿಸುತ್ತಿದ್ದ ಗಾಜಿನ ವಾಲ್ವ್‌ಗಳೇ ಈ ಆಂಪ್‌ಗಳ ಒಳಗೂ ಇರುವುದು. ಅವನ್ನು ಮಿತಿಮೀರಿ ದುಡಿಸಿದಾಗ ನಾದ ಥಟ್ಟನೆ ಒಡೆಯದೆ ಮೆಲ್ಲನೆ ಬಿರಿಯುತ್ತದೆ. ಗಿಟಾರಿಗರು ಬಯಸುವುದು ಆ ಬಿರುಕನ್ನೇ. ಅದಕ್ಕಾಗಿ ವಾಲ್ಯೂಮ್ ಚೆನ್ನಾಗಿ ಏರಿಸಬೇಕು. 50 ವಾಟಿನ ಆಂಪ್‌ನಲ್ಲಿ ಹಾಗೆ ಮಾಡಿದರೆ ಅಕ್ಕಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಐದು ವಾಟಿನದು ಸಾಲುವುದಿಲ್ಲ ಎಂಬ ಭಯವೂ ಬೇಡ. 50ಕ್ಕೂ 5ಕ್ಕೂ ನಡುವಿನ ಅಂತರ 10 ಡೆಸಿಬೆಲ್, ಅಂದರೆ ಕಿವಿಗೆ ಸುಮಾರು ಅರ್ಧದಷ್ಟು ಸದ್ದು. 1970ರಲ್ಲಿ ಗಿಟಾರಿಗ ಎರಿಕ್ ಕ್ಲಾಪ್ಟನ್ ‘ಲೈಲಾ’ ಆಲ್ಬಮ್ಮನ್ನು ರೆಕಾರ್ಡ್ ಮಾಡಿದ್ದು ಫೆಂಡರ್ ಕಂಪನಿಯ ಪುಟ್ಟ ಆಂಪ್‌ಗಳಲ್ಲಿ.

ಆಂಪು, ಸ್ಪೀಕರು ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ಕಾಂಬೋ. ಕಡಿಮೆ ಬಜೆಟ್ಟಿನವರು ಹುಡುಕಬಹುದಾದ ಹೆಸರುಗಳು ಕೆಲವೇ. ಎಪಿಫೋನ್ ವಾಲ್ವ್ ಜೂನಿಯರ್‌ನಲ್ಲಿ ಇರುವುದು ಎರಡೇ ವಾಲ್ವ್, ಒಂದು 12ಎಎಕ್ಸ್7, ಒಂದು ಇಎಲ್84. ಕೆಡಲು ಬಿಡಿಭಾಗಗಳೇ ಕಡಿಮೆ. ಬುಗೇರಾ ವಿ5ರಲ್ಲಿ ಐದು ವಾಟನ್ನು ಒಂದಕ್ಕೆ, 0.1ಕ್ಕೆ ಇಳಿಸುವ ಸ್ವಿಚ್ ಇದೆ, ರಾತ್ರಿ ಅಭ್ಯಾಸ ಮಾಡುವವರಿಗೆ ಅನುಕೂಲ. ಡ್ರಮ್ಸ್ ಜೊತೆ ನುಡಿಸುವವರಿಗೆ ಮಾತ್ರ 15 ವಾಟಿನ ಫೆಂಡರ್ ಬ್ಲೂಸ್ ಜೂನಿಯರ್‌ನಂಥದ್ದು ಬೇಕಾದೀತು. ಅದರಲ್ಲಿ ಎರಡು ಇಎಲ್84 ಇರುವುದರಿಂದ ಬದಲಿಸುವಾಗ ಹೊಂದುವ ಜೋಡಿಯನ್ನೇ ಕೊಳ್ಳಬೇಕು.

ಇನ್ನು ವೋಲ್ಟೇಜಿನ ಮಾತು. ಭಟ್ಕಳಕ್ಕೂ ಗಲ್ಫಿಗೂ ನಂಟು ಹಳೆಯದು. ಅಲ್ಲಿ ದುಡಿಯುವ ನೆಂಟರಿಗೆ ಹೇಳಿ ತರಿಸಿಕೊಳ್ಳುವ ಅವಕಾಶ ಇಲ್ಲಿನವರಿಗೆ ಬೇರೆ ಊರಿನವರಿಗಿಂತ ಹೆಚ್ಚು. ದುಬೈ, ಮಸ್ಕತ್, ದೋಹಾದ ವಿದ್ಯುತ್ತು ನಮ್ಮಂತೆಯೇ 50 ಹರ್ಟ್ಝ್. ವೋಲ್ಟೇಜೂ ಹೆಚ್ಚುಕಡಿಮೆ ನಮ್ಮ 230ರ ಆಸುಪಾಸಿನಲ್ಲೇ ಇದೆ. ಅಲ್ಲಿ ಬಳಸಲೆಂದೇ ಮಾರಿದ ಆಂಪ್ ಇಲ್ಲಿಯೂ ನಡೆಯುತ್ತದೆ. ಸೌದಿಯದ್ದಾದರೆ ಎಚ್ಚರ ಬೇಕು. ಅಲ್ಲಿ ಹಿಂದೆ ಮನೆಬಳಕೆಗೆ 127 ವೋಲ್ಟ್ ಇತ್ತು. ಅಮೆರಿಕದ ಆಂಪ್ 120ರದ್ದು, ಜಪಾನಿನದು 100ರದ್ದು. ಇವನ್ನು ನೇರವಾಗಿ ನಮ್ಮ ಗೋಡೆಗೆ ಸಿಕ್ಕಿಸಿದರೆ ಫ್ಯೂಸ್ ಹಾರುವುದು ಅದೃಷ್ಟ, ಟ್ರಾನ್ಸ್‌ಫಾರ್ಮರ್ ಸುಡುವುದು ದುರದೃಷ್ಟ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ನಡೆಸಬಹುದು. ಆದರೆ 15 ವಾಟ್ ಎನ್ನುವುದು ಸ್ಪೀಕರಿಗೆ ಹೋಗುವ ಶಕ್ತಿ, ಗೋಡೆಯಿಂದ ಎಳೆಯುವುದು ಅದರ ಹಲವು ಪಟ್ಟು. ಹೀಗೆ ಎಳೆಯುವ ವಾಟ್ ಎಷ್ಟೆಂದು ಹಿಂಬದಿಯಲ್ಲಿ ಬರೆದಿರುತ್ತದೆ, ಆ ಅಂಕಿಗಿಂತ ಹೆಚ್ಚಿನ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರನ್ನೇ ಕೊಳ್ಳಬೇಕು. ಆ ಖರ್ಚು, ಆ ಭಾರ ಸೇರಿಸಿ ನೋಡಿದರೆ ಅಗ್ಗದ ಅಮೆರಿಕನ್ ಆಂಪ್ ಅಷ್ಟೇನೂ ಅಗ್ಗವಲ್ಲ.

ಗಲ್ಫಿನ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನುಗಳಿರುತ್ತವೆ, ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಅಡಾಪ್ಟರುಗಳಲ್ಲಿ ಎಷ್ಟೋ ಸಲ ಅರ್ಥಿಂಗ್ ಸಂಪರ್ಕವೇ ಇರುವುದಿಲ್ಲ. ಗಿಟಾರಿನ ತಂತಿಗೂ ಆಂಪ್‌ನ ಲೋಹದ ಚಾಸಿಗೂ ಸಂಪರ್ಕ ಇರುವುದರಿಂದ ಇದು ಸಣ್ಣ ವಿಷಯವಲ್ಲ. ಅರ್ಥ್ ಇಲ್ಲದ ಆಂಪ್‌ನಲ್ಲಿ ದೋಷವಿದ್ದರೆ, ತಂತಿ ಹಿಡಿದವನ ತುಟಿ ಹಾಡುವಾಗ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ, ಜೀವವೇ ಹೋಗಬಹುದು. ಪರಿಹಾರ ಸುಲಭ. ಈಗಿನ ಬಹುತೇಕ ಆಂಪ್‌ಗಳಿಗೆ ಕಂಪ್ಯೂಟರಿನ ಸಿಪಿಯುಗೆ ಹಾಕುವ ವೈರೇ ಹೊಂದುತ್ತದೆ. ನಮ್ಮ ಮೂರು ಪಿನ್ನಿನ ಅಂಥ ವೈರೊಂದನ್ನು ಕೊಂಡರಾಯಿತು. ಎರಡೇ ಪಿನ್ನಿನ ಹಳೆಯ ಆಂಪ್ ಸಿಕ್ಕಿದ್ದರೆ ಮೊದಲು ಮೆಕ್ಯಾನಿಕ್ಕಿನಿಂದ ಅರ್ಥಿಂಗ್ ಮಾಡಿಸಿ, ಆಮೇಲೆ ನುಡಿಸಬೇಕು.

ತುಕ್ಕು ನೋಡುವುದು ಯಾಕೆ? ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಊರಿನಲ್ಲಿ ಆಂಪ್ ಹೇಗೆ ಬಾಳಿತ್ತು ಎಂಬುದನ್ನು ಮಾರುವವನ ಮಾತಿಗಿಂತ ಸ್ಕ್ರೂಗಳೇ ಸರಿಯಾಗಿ ಹೇಳುತ್ತವೆ. ಹೊರಗಿನ ಸ್ಕ್ರೂ ಕೆಂಪಾಗಿದ್ದರೆ ಒಳಗಿನ ವಾಲ್ವ್ ಸಾಕೆಟ್ಟು, ಜ್ಯಾಕು, ವಾಲ್ಯೂಮ್ ಕಂಟ್ರೋಲುಗಳೂ ಹಾಗೆಯೇ ಆಗಿರುವ ಸಂಭವ ಹೆಚ್ಚು. ಹಿಂಬದಿಗೆ ಮೂಗಿಟ್ಟು ಮುಗ್ಗಲು ವಾಸನೆ ಇದೆಯೇ ನೋಡಬೇಕು. ಪೆಟ್ಟಿಗೆಯ ತಳದ ಮೂಲೆ ಒತ್ತಿ ನೋಡಬೇಕು, ಎಂಡಿಎಫ್ ಹಲಗೆ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಸ್ಪೀಕರಿನ ಕಾಗದದ ಕೋನಿನಲ್ಲಿ ಬೂಷ್ಟು, ಹರಿದ ಗುರುತು ಇವೆಯೇ ಎಂದು ಟಾರ್ಚ್ ಹಾಕಿ ಹುಡುಕಬೇಕು.

ಇಷ್ಟು ಮುಗಿದ ಮೇಲೆ ನುಡಿಸಿ ನೋಡುವ ಸರದಿ. ಸ್ವಂತ ಗಿಟಾರ್, ಸ್ವಂತ ಕೇಬಲ್ ಒಯ್ಯುವುದು ಒಳ್ಳೆಯದು. ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ಜೋರಾಗಿ ಗುಂಯ್ ಎಂದರೆ ಫಿಲ್ಟರ್ ಕೆಪಾಸಿಟರುಗಳು ಒಣಗಿರಬಹುದು, ಅವನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಕಂಟ್ರೋಲ್ ತಿರುಗಿಸಿದಾಗ ಬರುವ ಕರಕರ ಸದ್ದು ಮಾತ್ರ ಹೆದರುವಂಥದ್ದಲ್ಲ, ಬಹಳ ಸಲ ಕ್ಲೀನರ್ ಸ್ಪ್ರೇಯಲ್ಲೇ ಹೋಗುತ್ತದೆ. ಪೆನ್ಸಿಲಿನ ಮರದ ತುದಿಯಿಂದ ವಾಲ್ವ್‌ಗಳನ್ನು ಮೆಲ್ಲಗೆ ತಟ್ಟಿದಾಗ ಯಾವುದಾದರೂ ಘಂಟೆಯಂತೆ ಮೊಳಗಿದರೆ ಆ ವಾಲ್ವ್ ಬದಲಿಸಬೇಕು. ಒಳಗಿನ ಲೋಹದ ಪ್ಲೇಟು ಕೆಂಡದಂತೆ ಕೆಂಪಾದರೆ ಕೂಡಲೇ ಆಫ್ ಮಾಡಬೇಕು. ಅರ್ಧ ಗಂಟೆಯಾದರೂ ಬಿಡದೆ ನುಡಿಸಬೇಕು, ಹಲವು ದೋಷಗಳು ಯಂತ್ರ ಬಿಸಿಯಾದ ಮೇಲೆಯೇ ಹೊರಬೀಳುತ್ತವೆ.

ಬಿಚ್ಚಿ ನೋಡುವ ಸಾಹಸ ಮಾತ್ರ ಬೇಡವೇ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ವಿದ್ಯುತ್ ಉಳಿದಿರಬಹುದು. ವಾಲ್ವ್ ರೇಡಿಯೋ ರಿಪೇರಿ ಮಾಡಿದ ಹಿರಿಯ ಮೆಕ್ಯಾನಿಕ್ ಸಿಕ್ಕರೆ ಅವರ ಕೈಗೇ ಕೊಡಬೇಕು. ರೇಡಿಯೋಗಳಲ್ಲೂ ಇದ್ದ ಇಎಲ್84 ಅವರಿಗೆ ಹೊಸದಲ್ಲ. ಅದು ಕನ್ನಡನಾಡಿನಲ್ಲೇ ತಯಾರಾಗುತ್ತಿತ್ತು ಎಂಬುದು ಗಿಟಾರಿಗರಲ್ಲಿ ಹಲವರಿಗೆ ಗೊತ್ತಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ಇಳಿಯಿತು. ಬಿಇಎಲ್ ಮುದ್ರೆಯ ಇಎಲ್84ಗಳನ್ನು ಇಂದು ಹೊರದೇಶದ ಸಂಗ್ರಾಹಕರೂ ಹುಡುಕಿ ಕೊಳ್ಳುತ್ತಾರೆ. ಹಳೆಯ ರೇಡಿಯೋ ಅಂಗಡಿಯ ಮೂಲೆಯಲ್ಲಿ ಬಳಸದ ಒಂದೆರಡು ಡಬ್ಬಿ ಕಂಡರೆ ಬಿಡಬಾರದು. ಸಿಗದಿದ್ದರೆ ಸ್ಲೋವಾಕಿಯಾ, ರಷ್ಯಾ, ಚೀನಾದ ಹೊಸ ವಾಲ್ವ್‌ಗಳಿವೆ.

ಗಿಟಾರ್ ಸಂಗೀತ ಮನೆಮಾತಾಗಿರುವ ಗೋವಾ ಈ ಊರುಗಳಿಗೆ ಬೆಂಗಳೂರಿಗಿಂತ ಹತ್ತಿರ. ಕೊಂಕಣ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದು, ಆಂಪ್ ನೋಡಿ ಅದೇ ದಿನ ಮರಳಬಹುದು. ತರುವಾಗ ವಾಲ್ವ್‌ಗಳು ತಣ್ಣಗಾದ ಮೇಲೆ ತೆಗೆದು, ಯಾವುದು ಯಾವ ಸಾಕೆಟ್ಟಿನದೆಂದು ಗುರುತು ಹಾಕಿ, ಬಟ್ಟೆಯಲ್ಲಿ ಸುತ್ತಿಕೊಳ್ಳಬೇಕು. ಮನೆಗೆ ಬಂದು ಸ್ವಿಚ್ ಒತ್ತುವ ಮೊದಲು ಸ್ಪೀಕರಿನ ವೈರು ಜ್ಯಾಕಿನಲ್ಲಿ ಸರಿಯಾಗಿ ಕೂತಿದೆಯೇ ನೋಡಬೇಕು. ಸ್ಪೀಕರ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು, ಸಣ್ಣ ಆಂಪ್‌ನಲ್ಲಿ ದುಬಾರಿ ರಿಪೇರಿಯೆಂದರೆ ಅದೇ.