ಎತ್ತಿಗೆ ಜ್ವರ, ಎಮ್ಮೆಗೆ ಬರೆ

ತಿಂಗಳ ಕೊನೆಯ ದಿನ. ಔಷಧಿಗಳ ಸಗಟು ಮಳಿಗೆ. ಐದು ಕೌಂಟರುಗಳ ಮುಂದೂ ಜನ. ಬೆಳಿಗ್ಗೆಯಿಂದ ಚಕಚಕನೆ ಬಿಲ್ಲು ಕೊಡುತ್ತಿದ್ದ ಕಂಪ್ಯೂಟರುಗಳು ಹನ್ನೊಂದು ಗಂಟೆಗೆ ಮುಷ್ಕರ ಹೂಡಿದಂತೆ ನಿಂತುಬಿಡುತ್ತವೆ. ‘ಸಿಸ್ಟಂ ಸ್ಲೋ ಇದೆ ಸಾರ್’ ಎನ್ನುವ ಕೌಂಟರಿನ ಹುಡುಗನಿಗೆ ಗಿರಾಕಿಯಿಂದಲೂ ಬೈಗುಳ, ಮಾಲೀಕರಿಂದಲೂ ಬೈಗುಳ. ಸಂಜೆ ಹೊಸ ಸರ್ವರ್ ಕೊಳ್ಳುವ ತೀರ್ಮಾನವಾಗುತ್ತದೆ. ಮುಂದಿನ ತಿಂಗಳ ಕೊನೆಗೆ ಮತ್ತೆ ಅದೇ ಕಥೆ!

ಇಂಥ ದೃಶ್ಯ ಯಾವ ಊರಿನಲ್ಲೂ ಕಾಣಸಿಗಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಒಂದೇ ಮಾಹಿತಿಕೋಶವನ್ನು ಹಲವರು ಏಕಕಾಲದಲ್ಲಿ ಬಳಸುವ ಕಡೆ ಕಂಪ್ಯೂಟರ್ ‘ನಿಧಾನ’ವಾಯಿತೆಂದರೆ, ಅನೇಕ ವೇಳೆ ಅದು ದುಡಿದು ಸುಸ್ತಾಗಿರುವುದಿಲ್ಲ, ಸುಮ್ಮನೆ ಕಾಯುತ್ತಿರುತ್ತದೆ. ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು ಮೊದಲು ಪತ್ತೆಹಚ್ಚಬೇಕು.

ಒಬ್ಬನಿಗೆ ಮಾತ್ರ ನಿಧಾನವಾದರೆ ಅವನ ಯಂತ್ರವನ್ನೋ ತಂತಿಯನ್ನೋ ನೋಡಿ. ಒಂದು ಪರದೆ ಮಾತ್ರ ತಡವರಿಸಿದರೆ ಅದರ ಹಿಂದಿನ ಹುಡುಕಾಟ ನೋಡಿ. ಎಲ್ಲರೂ ಒಂದೇ ಕ್ಷಣದಲ್ಲಿ ನಿಂತರೆ ಎಲ್ಲೋ ಬೀಗ ಬಿದ್ದಿದೆ ಎಂದು ಶಂಕಿಸಿ.

ಹುಡುಕಾಟದ ಜೀವಾಳ ಇಂಡೆಕ್ಸ್. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಅಲ್ಲಲ್ಲಿ ಚದುರಿದ ಮಾಹಿತಿಯಾದರೆ ಅದು ಸೆಕೆಂಡಿಗೆ ಸುಮಾರು ನೂರು ಸಲವಷ್ಟೇ ಓದಬಲ್ಲದು. ಇಂಡೆಕ್ಸ್ ಇಲ್ಲದಿದ್ದರೆ ಲಕ್ಷಾಂತರ ಬಿಲ್ಲುಗಳನ್ನು ಮೊದಲಿನಿಂದ ಕೊನೆಯವರೆಗೆ ತಡಕಬೇಕು. ಇದ್ದರೆ ಮೂರು ನಾಲ್ಕು ಹೆಜ್ಜೆಯಲ್ಲಿ ಬೇಕಾದ ಬಿಲ್ಲು ಕೈಗೆ ಸಿಗುತ್ತದೆ. ಈ ಮೆಟ್ಟಿಲಿನ ಏರ್ಪಾಡಿಗೆ ಬಿ-ಟ್ರೀ ಎಂದು ಹೆಸರು. 1970ರ ಸುಮಾರಿನಲ್ಲಿ ಇದನ್ನು ರೂಪಿಸಿದವರು ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್. ಹಾಗೆಂದು ಕಂಡಕಂಡ ಕಡೆ ಇಂಡೆಕ್ಸ್ ಹಾಕುವಂತಿಲ್ಲ. ಪ್ರತಿ ಮಾರಾಟಕ್ಕೂ ಅಷ್ಟನ್ನೂ ತಿದ್ದಬೇಕಾಗಿ, ಬರೆಯುವ ಕೆಲಸ ಕುಂಟುತ್ತದೆ.

ಇನ್ನು ಬೀಗದ ವಿಚಾರ. ಕೊನೆಯ ಹತ್ತು ಡಬ್ಬಿ ಮಾತ್ರೆಯನ್ನು ಎರಡು ಕೌಂಟರಿನವರು ಒಟ್ಟಿಗೆ ಮಾರಿಬಿಟ್ಟರೆ ಲೆಕ್ಕ ಕೆಡುತ್ತದೆ. ಹಾಗಾಗದಂತೆ ಒಬ್ಬರು ದಾಖಲೆ ತಿದ್ದುವಾಗ ಅದಕ್ಕೆ ಬೀಗ ಬೀಳುತ್ತದೆ. ಈ ಶಾಸ್ತ್ರಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜಿಮ್ ಗ್ರೇ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದರು. ಆದರೆ ಬಿಲ್ಲು ಅರ್ಧ ತುಂಬಿಸಿ, ಬೀಗ ತೆಗೆಯದೆ ಗುಮಾಸ್ತ ಕಾಫಿಗೆ ಹೋದರೆ? ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತ ಹಾಗೆ. ಹಿಂದಿನ ಬಸ್ಸಿಗೆ ಹೊಸ ಎಂಜಿನ್ ಹಾಕಿ ಏನು ಪ್ರಯೋಜನ? ವಿವರಗಳನ್ನೆಲ್ಲ ತುಂಬಿಸಿದ ಮೇಲೆ, ಉಳಿಸುವ ಗಳಿಗೆಯಲ್ಲಿ ಮಾತ್ರ ಬೀಗ ಹಾಕುವಂತೆ ತಂತ್ರಾಂಶವನ್ನು ತಿದ್ದಿಸಬೇಕು.

ಮೂರನೆಯದು ತಂತಿಯ ಮೇಲಿನ ಹೊರೆ. ಫಾಕ್ಸ್‌ಪ್ರೊ, ಆಕ್ಸೆಸ್‌ಗಳ ಕಡತವನ್ನು ಒಂದೆಡೆ ಇಟ್ಟು ಹಂಚಿಕೊಂಡರೆ ಹುಡುಕುವ ಕೆಲಸ ನಡೆಯುವುದು ಗುಮಾಸ್ತನ ಕಂಪ್ಯೂಟರಿನಲ್ಲಿ. ಇಂಡೆಕ್ಸ್ ಇಲ್ಲದಿದ್ದರೆ ಇಡೀ ಕಡತವೇ ತಂತಿಯಲ್ಲಿ ಹರಿದು ಬರಬೇಕು. ಮೈಎಸ್‌ಕ್ಯೂಎಲ್‌ನಂಥ ಏರ್ಪಾಡಿನಲ್ಲಿ ಹೋಗುವುದು ಪ್ರಶ್ನೆ, ಬರುವುದು ಉತ್ತರ. ಬಳಸುವವರು ಹೆಚ್ಚಾದಂತೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಸರಿ, ಹನ್ನೊಂದು ಗಂಟೆಗೆ ನಮ್ಮ ಮಳಿಗೆಯಲ್ಲಿ ಆಗಿದ್ದೇನು? ಲೆಕ್ಕಿಗರು ತಿಂಗಳ ಮಾರಾಟದ ವರದಿಗೆ ಗುಂಡಿ ಒತ್ತಿದ್ದರು. ತಾರೀಖಿಗೆ ಇಂಡೆಕ್ಸ್ ಇರಲಿಲ್ಲ. ವರದಿ ಇಡೀ ಮಾರಾಟದ ಕಡತವನ್ನು ಓದತೊಡಗಿತು. ಓದಿ ಮುಗಿಯುವವರೆಗೆ ಅದಕ್ಕೆ ಬೀಗ. ತಾರೀಖಿಗೊಂದು ಇಂಡೆಕ್ಸ್ ಹಾಕಿ, ವರದಿಯನ್ನು ಅಂಗಡಿ ಮುಚ್ಚಿದ ಮೇಲೆ ತೆಗೆದರೆ ತೊಂದರೆ ಮುಗಿಯುತ್ತದೆ. ಹೊಸ ಸರ್ವರ್ ಬೇಕಿರಲಿಲ್ಲ. ಇಂದಿನ ಎಸ್‌ಎಸ್‌ಡಿ ಡಿಸ್ಕುಗಳು ಓದುವುದನ್ನು ಬಹಳ ಚುರುಕಾಗಿಸಿವೆ, ನಿಜ. ಆದರೆ ಕಾಫಿಗೆ ಹೋದವನ ಬೀಗವನ್ನು ಅವೂ ತೆಗೆಯಲಾರವು.

ಆದ್ದರಿಂದ ಹಣ ಬಿಚ್ಚುವ ಮೊದಲು ಒಂದು ವಾರ ನೋಟ್‌ಬುಕ್ ಇಡಿ. ಯಾವ ಕೌಂಟರ್, ಯಾವ ಪರದೆ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡ್ ಕಾದಿರಿ ಎಂದು ಬರೆಯಿರಿ. ತಡವಾದ ಪ್ರಶ್ನೆಗಳನ್ನು ತಾನೇ ಬರೆದಿಡುವ ಸೌಲಭ್ಯ ಮೈಎಸ್‌ಕ್ಯೂಎಲ್‌ನಲ್ಲೇ ಇದೆ. ಅದನ್ನು ಚಾಲೂ ಮಾಡಿಸಿ. ಬ್ಯಾಕಪ್ ತೆಗೆದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆಯಿರಿ.

ಮುಖ್ಯವಾಗಿ, ಕೌಂಟರಿನ ಹುಡುಗನನ್ನು ಬೈಯುವ ಬದಲು ಅವನನ್ನೇ ಕೇಳಿ. ಯಂತ್ರ ಯಾವಾಗ ನಿಲ್ಲುತ್ತದೆ ಎಂಬುದು ಅವನಿಗೆ ಎಂದೋ ಗೊತ್ತಿರುತ್ತದೆ.