ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ವಿಶೇಷ ಕೀಲಿಗಳು ಮತ್ತು ಕನ್ನಡ ಬೆರಳಚ್ಚು

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಶಿಫ್ಟ್, ಬಲಬದಿಯ ಆಲ್ಟ್, ಸೂಪರ್ ಮೊದಲಾದವು ವಿಶೇಷ ಕೀಲಿಗಳಾಗಿವೆ. ಇವು ತಾವಾಗಿ ಅಕ್ಷರವನ್ನು ಮೂಡಿಸದೆ, ಜೊತೆಯಲ್ಲಿ ಒತ್ತಿದ ಕೀಲಿಯ ಅರ್ಥವನ್ನು ಬದಲಿಸುತ್ತವೆ. ಕನ್ನಡದ ಸ್ವರಗಳು, ಸ್ವರಚಿಹ್ನೆಗಳು ಹಾಗೂ ವ್ಯಂಜನಗಳು ಸೇರಿ ಕೀಲಿಮಣೆಯ ಅಕ್ಷರ ಕೀಲಿಗಳಿಗಿಂತ ಹೆಚ್ಚಾಗುವುದರಿಂದ, ಕನ್ನಡ ಬರವಣಿಗೆಗೆ ಈ ಕೀಲಿಗಳು ಅನಿವಾರ್ಯವಾಗಿವೆ.

ಕೀಲಿಮಣೆ ವಿನ್ಯಾಸಗಳು

ಲಿನಕ್ಸ್‌ನಲ್ಲಿ ಕನ್ನಡಕ್ಕೆ ಮುಖ್ಯವಾಗಿ ಎರಡು ವಿನ್ಯಾಸಗಳು ಬಳಕೆಯಲ್ಲಿವೆ.

* ಇನ್‌ಸ್ಕ್ರಿಪ್ಟ್: ಭಾರತೀಯ ಭಾಷೆಗಳಿಗೆ ಸಮಾನವಾದ ವಿನ್ಯಾಸ. ಒಂದೇ ಧ್ವನಿಯ ಅಕ್ಷರವು ಕನ್ನಡ, ತೆಲುಗು, ಹಿಂದಿಗಳಲ್ಲಿ ಒಂದೇ ಕೀಲಿಯಲ್ಲಿರುತ್ತದೆ.
* ಕಗಪ: ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಹೊತ್ತ ಧ್ವನ್ಯಾತ್ಮಕ ವಿನ್ಯಾಸ. ಇದರ ಮೂಲ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ನುಡಿ ತಂತ್ರಾಂಶವನ್ನು ಬಳಸಿದವರಿಗೆ ಇದು ಪರಿಚಿತ.

ಯಾದಗಿರಿ ಜಿಲ್ಲೆಯ ಮೂರು ಪಟ್ಟಣಗಳ ಹೆಸರುಗಳಿಂದ ಕಗಪ ಕ್ರಮವನ್ನು ತಿಳಿಯಬಹುದು. ಎಸ್, ಯು, ಆರ್, ಪಿ, ಯು, ಆರ್ ಕೀಲಿಗಳನ್ನು ಒತ್ತಿದರೆ ‘ಸುರಪುರ’ ಮೂಡುತ್ತದೆ. ವ್ಯಂಜನದಲ್ಲಿ ಅಕಾರ ಸೇರಿಯೇ ಇರುವುದರಿಂದ ‘ಎ’ ಕೀಲಿಯ ಅಗತ್ಯವಿಲ್ಲ. ‘ಶಹಾಪುರ’ಕ್ಕೆ ಶಿಫ್ಟ್‌ನೊಂದಿಗೆ ಎಸ್ (ಶ), ಎಚ್, ಶಿಫ್ಟ್‌ನೊಂದಿಗೆ ಎ (ಾ), ಪಿ, ಯು, ಆರ್. ‘ಯಾದಗಿರಿ’ಗೆ ವೈ, ಶಿಫ್ಟ್‌ನೊಂದಿಗೆ ಎ, ಡಿ, ಜಿ, ಐ, ಆರ್, ಐ. ಇನ್‌ಸ್ಕ್ರಿಪ್ಟ್‌ನಲ್ಲಿ ‘ಸುರಪುರ’ ಬರೆಯಲು ಎಮ್, ಜಿ, ಜೆ, ಎಚ್, ಜಿ, ಜೆ ಕೀಲಿಗಳನ್ನು ಒತ್ತಬೇಕು.

ಬಲಬದಿಯ ಆಲ್ಟ್

ವ್ಯವಸ್ಥೆಯ ಕೀಲಿಮಣೆ ಪಟ್ಟಿಯಲ್ಲಿರುವ ಕಗಪದಲ್ಲಿ ಒಂದು ಕೀಲಿಗೆ ನಾಲ್ಕು ಸ್ತರಗಳಿವೆ. ಉದಾಹರಣೆಗೆ, ‘ಯು’ ಕೀಲಿಯನ್ನು ಮಾತ್ರ ಒತ್ತಿದರೆ ು, ಶಿಫ್ಟ್‌ನೊಂದಿಗೆ ೂ, ಬಲಬದಿಯ ಆಲ್ಟ್‌ನೊಂದಿಗೆ ಉ, ಎರಡರೊಂದಿಗೂ ಊ ದೊರೆಯುತ್ತದೆ. ಭಾರತೀಯ ಇಂಗ್ಲಿಷ್ ವಿನ್ಯಾಸದಲ್ಲಿ ಇದೇ ಆಲ್ಟ್ ಹಿಡಿದು 4 ಒತ್ತಿದರೆ ರೂಪಾಯಿ ಚಿಹ್ನೆ ₹ ಮೂಡುತ್ತದೆ.

ಸೂಪರ್ ಕೀಲಿ

ಹೆಚ್ಚಿನ ಕೀಲಿಮಣೆಗಳಲ್ಲಿ ವಿಂಡೋಸ್ ಲಾಂಛನವಿರುವ ಕೀಲಿಯೇ ಸೂಪರ್. ಗ್ನೋಮ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ವಿನ್ಯಾಸವನ್ನು ಒಮ್ಮೆ ಸೇರಿಸಿದ ಬಳಿಕ, ಸೂಪರ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ ಬದಲಾಗಬಹುದು.

ಅಗೋಚರ ಚಿಹ್ನೆಗಳು

ಯುನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಎರಡು ಚಿಹ್ನೆಗಳು ಕನ್ನಡದ ಕಾಗುಣಿತಕ್ಕೆ ಮುಖ್ಯವಾಗಿವೆ. ಒತ್ತಕ್ಷರವಾಗುವುದನ್ನು ತಡೆಯುವ ಚಿಹ್ನೆಯ ಸಂಕೇತ 200ಸಿ. ಇದಿಲ್ಲದಿದ್ದರೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಪದದಲ್ಲಿ ಅರ್ಕಾವತ್ತು ಬಾರದಂತೆ ರಕಾರದ ನಂತರ ಸೇರಿಸುವ ಚಿಹ್ನೆಯ ಸಂಕೇತ 200ಡಿ. ಗ್ನೋಮ್‌ನ ಅನ್ವಯಗಳಲ್ಲಿ ಇವನ್ನು ಸೇರಿಸಲು ಇಂಗ್ಲಿಷ್ ವಿನ್ಯಾಸಕ್ಕೆ ಬದಲಾಗಿ, ಕಂಟ್ರೋಲ್, ಶಿಫ್ಟ್, ಯು ಕೀಲಿಗಳನ್ನು ಒಟ್ಟಿಗೆ ಒತ್ತಿ, ಸಂಕೇತವನ್ನು ಬರೆದು ಎಂಟರ್ ಒತ್ತಬೇಕು.

ಈ ಚಿಹ್ನೆಗಳು ಕಾಣದಿದ್ದರೂ ಕಡತದಲ್ಲಿ ಉಳಿಯುತ್ತವೆ. ಒಂದೇ ಹೆಸರನ್ನು ಒಂದೆಡೆ ಚಿಹ್ನೆಯೊಂದಿಗೆ, ಇನ್ನೊಂದೆಡೆ ಚಿಹ್ನೆಯಿಲ್ಲದೆ ಬರೆದರೆ, ಗಣಕವು ಅವನ್ನು ಎರಡು ಬೇರೆ ಪದಗಳೆಂದು ಪರಿಗಣಿಸಬಹುದು. ಹುಡುಕಿದಾಗ ಒಂದು ಸಿಗದೆ ಹೋಗಬಹುದು. ಆದ್ದರಿಂದ ಹೆಸರುಗಳ ಪಟ್ಟಿ, ದಾಖಲೆ ಹಾಗೂ ಅರ್ಜಿಗಳನ್ನು ಸಿದ್ಧಪಡಿಸುವಾಗ ಆರಂಭದಿಂದ ಕೊನೆಯವರೆಗೆ ಒಂದೇ ಕ್ರಮವನ್ನು ಅನುಸರಿಸುವುದು ಅಗತ್ಯ.

ಟರ್ಮಿನಲ್‌ನಲ್ಲಿ ವ್ಯತ್ಯಾಸ

ಸಾಮಾನ್ಯ ಅನ್ವಯಗಳಲ್ಲಿ ಕಂಟ್ರೋಲ್ ಮತ್ತು ಸಿ ಪಠ್ಯವನ್ನು ನಕಲಿಸುತ್ತವೆ. ಟರ್ಮಿನಲ್‌ನಲ್ಲಿ ಅದೇ ಜೋಡಿಯು ನಡೆಯುತ್ತಿರುವ ಆದೇಶವನ್ನು ನಿಲ್ಲಿಸುತ್ತದೆ. ಅಲ್ಲಿ ನಕಲಿಸಲು ಕಂಟ್ರೋಲ್, ಶಿಫ್ಟ್, ಸಿ ಹಾಗೂ ಅಂಟಿಸಲು ಕಂಟ್ರೋಲ್, ಶಿಫ್ಟ್, ವಿ ಕೀಲಿಗಳನ್ನು ಬಳಸಲಾಗುತ್ತದೆ.