ಮುತ್ಯಾನ ಪದ, ಗಿಟಾರಿನ ಸದ್ದು: ಹೊಸ ಬ್ಯಾಂಡ್‌ಗಳು ಸಿಗೋದು ಎಲ್ಲಿ?

ಹೋದ ದೀಪಾವಳಿಗೆ ಭಾಲ್ಕಿಯ ಮನೆಯಲ್ಲಿದ್ದೆ. ಅಂಗಳದಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಹಾಡು ಹಚ್ಚಿದ್ದೆ. ನಾನು ಆರಿಸಿದ ಪಟ್ಟಿ ಯಾವಾಗಲೋ ಮುಗಿದಿತ್ತು, ಆ್ಯಪ್ ತಾನಾಗಿಯೇ ಮುಂದಿನ ಹಾಡುಗಳನ್ನು ಹಾಕುತ್ತಿತ್ತು. ಗಿಟಾರು, ಡ್ರಮ್ಮು ಸೇರಿದ ಒಂದು ಹಾಡು ಬಂತು. ಕಟ್ಟೆ ಮೇಲೆ ಕೂತಿದ್ದ ಮುತ್ಯಾ ಎಲೆ-ಅಡಿಕೆ ಕೈಯಲ್ಲೇ ಹಿಡಿದು ಕಿವಿಗೊಟ್ಟ.

‘ಏ ತಮ್ಮಾ, ಇದು ಶರೀಫಜ್ಜನ ಪದ ಅದಲ್ಲ? ಯಾರು ಹಾಡ್ಲತ್ತಾರ?’

ಫೋನ್ ನೋಡಿದೆ. ರಘು ದೀಕ್ಷಿತ್ ಪ್ರಾಜೆಕ್ಟ್‌ನ ‘ಲೋಕದ ಕಾಳಜಿ’. 2013ರ ‘ಜಗ್ ಚಂಗಾ’ ಆಲ್ಬಮ್ಮಿನದು. ಹೆಸರು ಹೇಳಿದೆ. ಮುತ್ಯಾ ಪೂರ್ತಿ ಕೇಳಿ, ‘ತಾಳ ಜರಾ ಜೋರ್ ಅದ. ಪದ ಮಾತ್ರ ಖರೇ ಹಾಡ್ಯಾರ’ ಅಂದ. ಐವತ್ತು ವರ್ಷದಿಂದ ಭಜನೆಯಲ್ಲಿ ತಾಳ ಹಿಡಿದವನ ಸರ್ಟಿಫಿಕೇಟು, ಸುಮ್ಮನೆ ಅಲ್ಲ.

ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ದಿನಕ್ಕೆ ಮೂರು ಗಂಟೆ ಇಯರ್‌ಫೋನ್ ಹಾಕಿಕೊಂಡು ಓಡಾಡುವ ನಾನು, ನಮ್ಮದೇ ಭಾಷೆಯ ಈ ಹಾಡು ಕೇಳಲು ಹತ್ತು ವರ್ಷಕ್ಕಿಂತ ಹೆಚ್ಚು ತಡ ಮಾಡಿದ್ದೆ. ಅದೂ ನಾನು ಹುಡುಕಿ ಕೇಳಿದ್ದಲ್ಲ, ಪಟ್ಟಿ ಮುಗಿದದ್ದಕ್ಕೆ ಸಿಕ್ಕಿದ್ದು.

ಹಾಡು ನಮ್ಮ ತನಕ ಬರುವ ದಾರಿ

ಇಂಡೀ ಅಂದರೆ ದೊಡ್ಡ ವ್ಯಾಖ್ಯಾನ ಬೇಡ. ಸಿನಿಮಾ ಇಲ್ಲ, ದೊಡ್ಡ ಕಂಪನಿ ಇಲ್ಲ. ತಾವೇ ಬರೆದು, ತಾವೇ ದುಡ್ಡು ಹಾಕಿ ಹಾಡು ಹೊರಗೆ ತರುವವರು. ಕನ್ನಡದಲ್ಲಿ ಇದು ಎಷ್ಟು ಕಷ್ಟ ಅನ್ನೋದಕ್ಕೆ ರಘು ದೀಕ್ಷಿತ್ ಅವರ ಕತೆಯೇ ಸಾಕು. ಮೈಸೂರಿನಲ್ಲಿ ಬೆಳೆದ ಹುಡುಗ, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಕೊನೆಗೆ ಗಿಟಾರ್ ಹಿಡಿದವರು. ಆಲ್ಬಮ್ ಮಾಡೋಕೆ ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದರು. ಕಡೆಗೆ ಮುಂಬೈನಲ್ಲಿ ಅವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮದೇ ಸಣ್ಣ ಲೇಬಲ್ಲಿನಿಂದ 2008ರಲ್ಲಿ ಮೊದಲ ಆಲ್ಬಮ್ ತಂದರು. ಅದರಲ್ಲೂ ಶರೀಫರ ಪದಗಳಿದ್ದವು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಮೇಳ. ಹತ್ತೊಂಬತ್ತನೇ ಶತಮಾನದಲ್ಲಿ ಶಿಶುನಾಳದ ಸಾಧಕರೊಬ್ಬರು ಕಟ್ಟಿದ ಪದ ಇಂಗ್ಲೆಂಡಿನ ಜನಕ್ಕೆ ನನಗಿಂತ ಮೊದಲು ಮುಟ್ಟಿತ್ತು!

ನಮ್ಮಲ್ಲಿ ಬಹಳ ಜನಕ್ಕೆ ರಘು ಗೊತ್ತಾಗಿದ್ದು ಆ ಆಲ್ಬಮ್ಮಿನಿಂದಲ್ಲ, ಅದೇ 2008ರ ‘ಸೈಕೋ’ ಸಿನಿಮಾದ ಮಹದೇಶ್ವರನ ಹಾಡಿನಿಂದ. ಕನ್ನಡದಲ್ಲಿ ಸಿನಿಮಾ ಅನ್ನೋ ಬಾಗಿಲು ಅಷ್ಟು ದೊಡ್ಡದು. ಪಕ್ಕದ ಕಿಟಕಿಗಳು ಕಾಣೋದೇ ಇಲ್ಲ. ಶರೀಫರ ಪದಗಳು ಮನೆಮನೆಗೆ ಹೋಗೋಕೂ ಸಿ. ಅಶ್ವತ್ಥ್ ಅವರ ದನಿ, ಆಮೇಲೆ 1990ರ ನಾಗಾಭರಣರ ಸಿನಿಮಾ ಬೇಕಾಯಿತು.

ಆ್ಯಪ್‌ಗಳು ಬಂದಮೇಲೆ ಈ ಬಾಗಿಲು ಅಗಲ ಆಗುತ್ತೆ ಅಂದುಕೊಂಡಿದ್ದೆವು. ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರ ಫೆಬ್ರುವರಿಯಲ್ಲಿ. ಸಾವನ್, ಗಾನಾ ಅದಕ್ಕೂ ಮೊದಲೇ ಇದ್ದವು. ಜೇಬಿನಲ್ಲಿ ಕೋಟಿಗಟ್ಟಲೆ ಹಾಡು. ಆದರೆ ಕೇಳೋದು ಅದೇ ನಲವತ್ತು.

ಕಾರಣ ಸರಳ. ಈ ಆ್ಯಪ್‌ಗಳು ಸಲಹೆ ಕೊಡುವ ಮುಖ್ಯ ವಿಧಾನ ಹೀಗೆ: ನಿಮ್ಮ ಹಾಗೇ ಕೇಳುವವರು ಇನ್ನೇನು ಕೇಳ್ತಾರೆ ಅಂತ ನೋಡಿ, ಅದನ್ನು ನಿಮಗೆ ಕೊಡೋದು. ಹೊಸ ಸಿನಿಮಾದ ಹಾಡು ಕೇಳುವ ಲಕ್ಷಾಂತರ ಜನರ ಗುಂಪಿಗೆ ನಿಮ್ಮನ್ನು ಸೇರಿಸಿದರೆ, ಆ ಗುಂಪು ಕೇಳುವುದೇ ನಿಮಗೂ ಬರುತ್ತೆ. ನೂರಿನ್ನೂರು ಜನ ಮಾತ್ರ ಕೇಳಿದ ಬ್ಯಾಂಡಿನ ಬಗ್ಗೆ ಯಂತ್ರಕ್ಕೆ ಹೇಳೋಕೆ ಏನೂ ಇರೋದಿಲ್ಲ. ಯಾರೂ ಕೇಳಿಲ್ಲ ಅಂತ ತೋರಿಸೋದಿಲ್ಲ, ತೋರಿಸಿಲ್ಲ ಅಂತ ಯಾರೂ ಕೇಳೋದಿಲ್ಲ.

ಇದರ ಜೊತೆಗೆ ಸ್ಪೆಲಿಂಗ್ ಕಾಟ. ಶರೀಫ ಅನ್ನೋ ಹೆಸರನ್ನೇ ಇಂಗ್ಲಿಷಿನಲ್ಲಿ ಒಬ್ಬರು ಒಂದು ‘ಐ’ ಹಾಕಿ ಬರೆದರೆ, ಇನ್ನೊಬ್ಬರು ಎರಡು ‘ಇ’, ಮತ್ತೊಬ್ಬರು ಎರಡನ್ನೂ ಸೇರಿಸಿ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಒಂದು ಫಲಿತಾಂಶ, ಇಂಗ್ಲಿಷಿನಲ್ಲಿ ಹುಡುಕಿದರೆ ಇನ್ನೊಂದು. ನಾನು ಈಗ ಎರಡರಲ್ಲೂ, ಮೂರು ನಾಲ್ಕು ಥರ ಬರೆದು ನೋಡ್ತೀನಿ. ಬೇಜಾರಿನ ಕೆಲಸ, ಆದರೆ ಸಿಗುತ್ತೆ.

ಮಧ್ಯಾಹ್ನ ಮೂರರ ಬಿಸಿಲಲ್ಲಿ

ಮೇಳಗಳು ಬೇರೆ ಥರ ಕೆಲಸ ಮಾಡುತ್ತವೆ. ಅಲ್ಲಿ ಸ್ಕಿಪ್ ಬಟನ್ ಇಲ್ಲ.

ಬೀದರ್ ಕಡೆಯ ಹುಡುಗರು ಕೆಲಸಕ್ಕೆ ಹೋಗೋದು ಹೆಚ್ಚಾಗಿ ಹೈದರಾಬಾದಿಗೆ, ಇಲ್ಲವೇ ಪುಣೆಗೆ. ಬೆಂಗಳೂರು ನಮಗೆ ಒಂದು ರಾತ್ರಿಯ ರೈಲಿನಾಚೆಗಿನ ಊರು. ಎನ್‌ಎಚ್7 ವೀಕೆಂಡರ್ ಅನ್ನೋ ಸಂಗೀತ ಮೇಳ 2010ರ ಡಿಸೆಂಬರಿನಲ್ಲಿ ಶುರುವಾಗಿದ್ದು ಪುಣೆಯಲ್ಲೇ. ಬೆಂಗಳೂರಿನಲ್ಲಿ 2016ರಿಂದ ಎಕೋಸ್ ಆಫ್ ಅರ್ತ್ ಇದೆ. 2023ರ ಜನವರಿಯಲ್ಲಿ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಅಮೆರಿಕದ ಲೊಲಪಲೂಜಾ ಕೂಡ ಬಂತು. ಟಿಕೆಟ್ ಸಾವಿರಗಳಲ್ಲಿ, ಮೊದಲ ಸಂಬಳದ ವರ್ಷದಲ್ಲಿ ನೋವಾಗುವಂಥದ್ದೇ.

ನಾನು ಮೊದಲ ಸಲ ಇಂಥ ಮೇಳಕ್ಕೆ ಹೋಗಿದ್ದು ಪುಣೆಯಲ್ಲಿ, ಗೆಳೆಯರ ಒತ್ತಾಯಕ್ಕೆ. ಎಲ್ಲರೂ ರಾತ್ರಿಯ ದೊಡ್ಡ ಬ್ಯಾಂಡಿಗೆ ಕಾಯುತ್ತಿದ್ದರು. ಮೂರು ಗಂಟೆಯ ಬಿಸಿಲಿಗೆ ಸಣ್ಣ ವೇದಿಕೆಯ ಪಕ್ಕ ನೆರಳಿತ್ತು ಅಂತ ಅಲ್ಲಿ ಹೋಗಿ ನಿಂತೆ. ನಿಧಾನಕ್ಕೆ ಶುರುವಾಗಿ ಎಂಟು ನಿಮಿಷ ಬೆಳೆಯುವ ಹಾಡು. ಭಾಷೆ ಉರ್ದು. ಪಕ್ಕದಲ್ಲಿದ್ದ ಮೈಸೂರಿನ ಗೆಳೆಯ ‘ಏನೂ ಅರ್ಥ ಆಗ್ಲಿಲ್ಲ ಮಗಾ’ ಅಂದ. ನನಗೆ ಆಗಿತ್ತು. ಭಾಲ್ಕಿಯ ಓಣಿಯಲ್ಲಿ ದಖನಿ ಕೇಳಿ ಬೆಳೆದವನಿಗೆ ಅರ್ಥ ಆಗದೆ ಇದ್ದರೆ ಹೇಗೆ?

ಹೆಸರು ಬರೆದುಕೊಳ್ಳಲಿಲ್ಲ, ದಡ್ಡ. ಹಾಡು ಗುರುತಿಸುವ ಆ್ಯಪ್ ಆ ಗದ್ದಲದಲ್ಲಿ ಕೈಕೊಟ್ಟಿತು. ಮನೆಗೆ ಬಂದು ಪೋಸ್ಟರಿನ ತಳದಲ್ಲಿ ಸಣ್ಣ ಅಕ್ಷರದಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಹುಡುಕಿದೆ. ಏಳನೆಯದು ಸಿಕ್ಕಿತು: ಪರ್ವಾಜ್. ಬೆಂಗಳೂರಿನಲ್ಲಿ ಹುಟ್ಟಿದ ಬ್ಯಾಂಡ್, ಹುಟ್ಟುಹಾಕಿದವರು ಕಾಶ್ಮೀರದ ಗೆಳೆಯರು. 2014ರ ‘ಬಾರಾನ್’, 2019ರ ‘ಕುನ್’ ಅವರ ಆಲ್ಬಮ್‌ಗಳು. ರಾತ್ರಿ ಬಸ್ಸಿನಲ್ಲಿ ಕೇಳೋಕೆ ‘ಬಾರಾನ್’ನಂಥದ್ದು ಇನ್ನೊಂದಿಲ್ಲ, ಇದು ನನ್ನ ಹಟ.

ಅಂದಿನಿಂದ ಆ ಸಣ್ಣ ಅಕ್ಷರದ ಸಾಲುಗಳೇ ನನ್ನ ಓದು. ಮೇಳಕ್ಕೆ ಹೋಗದಿದ್ದರೂ ಪರವಾಗಿಲ್ಲ, ಪೋಸ್ಟರ್ ಪುಕ್ಕಟೆ ಸಿಗುತ್ತೆ. ಮೇಲಿನ ಎರಡು ಸಾಲು ಬಿಡಿ, ಅವರು ನಿಮಗೆ ಹೇಗೂ ಗೊತ್ತು. ಕೆಳಗಿನ ಹೆಸರುಗಳಿಂದ ದಿನಕ್ಕೊಂದು ಕೇಳಿ. ಹತ್ತರಲ್ಲಿ ಏಳು ಹಿಡಿಸೋದಿಲ್ಲ. ಒಂದಕ್ಕೆ ಮನಸ್ಸು ಹೋಗುತ್ತೆ.

ಹಾಗೆ ಸಿಕ್ಕಿದ್ದೇ ಸ್ವರಾತ್ಮ. ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿದು ಹಾಡುವ ವಾಸು ದೀಕ್ಷಿತ್ ಅವರ ತಂಡ (ರಘು ಅವರ ತಮ್ಮ ಅಂತ ಆಮೇಲೆ ಗೊತ್ತಾಯಿತು). 2009ರ ಮೊದಲ ಆಲ್ಬಮ್ಮಿನಲ್ಲಿ ‘ಈ ಭೂಮಿ’ ಅನ್ನೋ ಕನ್ನಡ ಹಾಡಿದೆ. ಅಲ್ಲಿಂದ ಆಗಂ: ಬೆಂಗಳೂರಿನವರು, ಕರ್ನಾಟಕ ಸಂಗೀತದ ಕೃತಿಗಳಿಗೆ ಎಲೆಕ್ಟ್ರಿಕ್ ಗಿಟಾರ್ ಜೋಡಿಸಿದವರು. ಇಂಗ್ಲಿಷ್ ಕೇಳುವವರಿಗೆ ಥರ್ಮಲ್ ಅಂಡ್ ಎ ಕ್ವಾರ್ಟರ್ ಇದ್ದಾರೆ, 1996ರಿಂದ ಬೆಂಗಳೂರಿನಲ್ಲಿ ನುಡಿಸುತ್ತಿರುವ ಹಿರಿಯರು. ಒಂದು ಬ್ಯಾಂಡ್ ಹಿಡಿಸಿದರೆ ಅದರ ಡ್ರಮ್ಮರ್ ಇನ್ನೆಲ್ಲಿ ನುಡಿಸ್ತಾರೆ, ಯಾರ ಜೊತೆ ವೇದಿಕೆ ಹಂಚಿಕೊಂಡರು ನೋಡಿ. ಯಂತ್ರದ ಸಲಹೆಗಿಂತ ಈ ಬೀಗತನದ ದಾರಿ ಚೆನ್ನಾಗಿದೆ.

ಭಾಷೆಯ ಚೌಕ

ಆ್ಯಪ್ ಹಾಕಿಕೊಂಡ ಮೊದಲ ದಿನ ‘ಯಾವ ಭಾಷೆಯ ಹಾಡು ಬೇಕು’ ಅಂತ ಕೇಳುತ್ತಲ್ಲ, ಅಲ್ಲೇ ನಾವು ಎಡವೋದು. ಕನ್ನಡ, ಹಿಂದಿ ಟಿಕ್ ಮಾಡಿ ಮುಂದೆ ಹೋಗ್ತೀವಿ. ಬೀದರ್ ಜಿಲ್ಲೆಯವರ ಕಿವಿ ಅಷ್ಟು ಚಿಕ್ಕದಲ್ಲ. ಔರಾದ್ ಕಡೆ ಮರಾಠಿ, ಬೀದರ್ ಪೇಟೆಯಲ್ಲಿ ದಖನಿ, ಹೈದರಾಬಾದ್ ರಸ್ತೆಯ ಊರುಗಳಲ್ಲಿ ತೆಲುಗು. ಹುಮನಾಬಾದ್ ಪಕ್ಕದ ಮಾಣಿಕನಗರದ ಮಾಣಿಕಪ್ರಭುಗಳು ಹತ್ತೊಂಬತ್ತನೇ ಶತಮಾನದಲ್ಲೇ ಕನ್ನಡ, ಮರಾಠಿ, ಹಿಂದಿ, ಉರ್ದು ಎಲ್ಲದರಲ್ಲೂ ಪದ ಕಟ್ಟಿದರು. ಇವತ್ತಿನ ಆ್ಯಪ್ ಅವರನ್ನು ಯಾವ ಚೌಕದಲ್ಲಿ ಕೂಡಿಸುತ್ತಿತ್ತೋ!

ಸೆಟ್ಟಿಂಗ್‌ಗೆ ಹೋಗಿ ನಿಮಗೆ ಬರುವ ಭಾಷೆಗಳನ್ನೆಲ್ಲ ಟಿಕ್ ಮಾಡಿ. ನನ್ನದರಲ್ಲಿ ಅದಾದ ಎರಡು ವಾರಕ್ಕೆ ಹೈದರಾಬಾದಿನ ತೆಲುಗು ಬ್ಯಾಂಡ್ ಕ್ಯಾಪ್ರಿಶಿಯೋ ಬಂತು. ಬ್ಯಾಂಡ್‌ಕ್ಯಾಂಪ್ ಅನ್ನೋ ತಾಣದಲ್ಲಿ ಊರಿನ ಹೆಸರು ಹಾಕಿಯೇ ಹುಡುಕಬಹುದು. ಬೆಂಗಳೂರು ಅಂತ ಹಾಕಿದರೆ ಒಂದು ಭಾನುವಾರ ಹೋಗುತ್ತೆ.

ಮೂವತ್ತು ಸೆಕೆಂಡಿನ ಬೆಲೆ

ಕೇಳೋದು ಪುಕ್ಕಟೆ ಅನ್ನಿಸುತ್ತೆ. ಆ ಕಡೆ ಇರುವವರಿಗೆ ಹಾಗಲ್ಲ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. ಇಪ್ಪತ್ತೆಂಟಕ್ಕೆ ಬೆರಳು ಆಡಿಸಿದರೆ ಸೊನ್ನೆ. 2024ರಿಂದ ಇನ್ನೊಂದು ನಿಯಮ: ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿಯೇ ಇಲ್ಲ. ದೊಡ್ಡವರಿಗೆ 1000 ಅಂದರೆ ಒಂದು ನಿಮಿಷದ ಮಾತು. ಹೊಸ ಕನ್ನಡ ಬ್ಯಾಂಡಿಗೆ ಅದು ಗುಡ್ಡ. ಲೆಕ್ಕ ಹಾಕಿ ನೋಡಿ: 50 ಜನ ವರ್ಷಕ್ಕೆ 20 ಸಲ ಕೇಳಿದರೆ 1000. ನಿಮ್ಮ ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

ರಾಯಲ್ಟಿ ಬಂದರೂ ಅದರಲ್ಲಿ ಬ್ಯಾಂಡ್ ಬದುಕೋದಿಲ್ಲ. ಬದುಕೋದು ಕಛೇರಿಯಿಂದ, ವೇದಿಕೆ ಪಕ್ಕದ ಟೇಬಲ್ಲಿನಲ್ಲಿ ಮಾರುವ ಟೀ-ಶರ್ಟಿನಿಂದ. ಹಾಗಾಗಿ ವೇದಿಕೆ ಎಲ್ಲಿದೆ ಅನ್ನೋದು ಮುಖ್ಯ. 2023ರ ಜನವರಿಯಲ್ಲಿ ಬೀದರ್ ಕೋಟೆಯಲ್ಲಿ ಬೀದರ್ ಉತ್ಸವ ನಡೆಯಿತು. ಅಂಥ ಕೋಟೆ, ಅಂಥ ಬೆಳಕು ಪುಣೆ-ಮುಂಬೈನ ಯಾವ ಮೈದಾನಕ್ಕಿದೆ ಹೇಳಿ? ಮುಂದಿನ ಉತ್ಸವದಲ್ಲಿ ಸಿನಿಮಾ ಗಾಯಕರು ಬರುವ ಮೊದಲು ಸಂಜೆ ಐದರಿಂದ ಏಳು ಗಂಟೆ, ಎರಡೇ ತಾಸು, ಹೊಸ ಬ್ಯಾಂಡ್‌ಗಳಿಗೆ ಕೊಟ್ಟರೆ ಖರ್ಚೇನೂ ಮುಳುಗೋದಿಲ್ಲ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗಿಟಾರ್ ಹಿಡಿದ ಹುಡುಗರು ಇದ್ದಾರೆ. ಹಾಡೋಕೆ ಜಾಗ ಇಲ್ಲದೆ ಹಾಸ್ಟೆಲ್ ತಾರಸಿ ಮೇಲೆ ಕೂತಿದ್ದಾರೆ.

ಹುಡುಕಿದರೆ ಸಿಗದ ದನಿ

ದೀಪಾವಳಿಯ ಮರುದಿನ ಸುಮ್ಮನೆ ಒಂದು ಕೆಲಸ ಮಾಡಿದೆ. ಮುತ್ಯಾ ಹೇಳುವ ಪದಗಳನ್ನು ಎಲ್ಲ ಆ್ಯಪ್‌ಗಳಲ್ಲೂ ಹುಡುಕಿದೆ. ಕೆಲವು ಸಿಕ್ಕವು, ಬೇರೆ ಧಾಟಿಯಲ್ಲಿ. ಮೂರು ಪದ ಎಲ್ಲೂ ಇಲ್ಲ. ಯಾರು ಕಟ್ಟಿದ್ದು ಅಂತ ಮುತ್ಯಾನಿಗೂ ಗೊತ್ತಿಲ್ಲ, ಅವನ ಕಾಕಾ ಹಾಡುತ್ತಿದ್ದರಂತೆ. ಸೋಮವಾರದ ಭಜನೆಗೆ ಮೊದಲು ಹನ್ನೆರಡು ಜನ ಕೂಡುತ್ತಿದ್ದರು, ಈಗ ನಾಲ್ಕು. ಹಾರ್ಮೋನಿಯಂ ಬಾರಿಸುವವರು ಹೋದ ವರ್ಷ ತೀರಿಕೊಂಡರು.

ಸಂಜೆ ಫೋನನ್ನು ಸ್ಟೀಲ್ ಲೋಟಕ್ಕೆ ಆನಿಸಿ ಇಟ್ಟು ರೆಕಾರ್ಡ್ ಮಾಡಿದೆ. ಒಳಗಿನಿಂದ ಕುಕ್ಕರ್ ಸೀಟಿ, ಹೊರಗೆ ಪಟಾಕಿ. ಮೂರು ಪದ, ಹದಿನಾಲ್ಕು ನಿಮಿಷ. ಮುಗಿದಮೇಲೆ ಮುತ್ಯಾ ಫೋನ್ ಕಡೆ ನೋಡಿ ಕೇಳಿದ: ‘ಇದಕ್ಕೂ ಡ್ರಮ್ ಹಚ್ಚತೀ ಏನು?’

ಯಾರಾದರೂ ಕೇಳಿದರೆ ಹಚ್ಚಲಿ ಬಿಡು ಮುತ್ಯಾ, ಅಂದೆ.

‘ಹಚ್ಚಲಿ. ತಾಳ ತಪ್ಪಬ್ಯಾಡ ಅನ್ನು.’